ಏಳನೆಯ ನಿಯಮ ಮತ್ತು ಕೆಂಪು ಚುಕ್ಕೆ

ನನ್ನ ಕಪಾಟಿನಲ್ಲಿ ನಾನು ಕೆಲಸ ಮಾಡಿದ ವರದಿಗಳೆಲ್ಲ ಸಾಲಾಗಿ ನಿಂತಿವೆ. ಅವುಗಳಲ್ಲಿ ಒಂದರ ಮೊದಲ ಪುಟದ ಎದುರಿಗೆ, ಮುದ್ರಣ ಮುಗಿದ ಮೇಲೆ ಗೋಂದು ಹಚ್ಚಿ ಅಂಟಿಸಿದ ಒಂದು ಹಾಳೆ ಇದೆ. ಸಂಶೋಧನೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ಮನೆಗೆ ಬಂದರೆ ನಾನು ಮೊದಲು ತೆರೆದು ತೋರಿಸುವುದು ಆ ಹಾಳೆಯನ್ನು. ಅದರಲ್ಲಿ ನನ್ನ ಹೆಸರಿದೆ, ನಾನು ಮಾಡಿದ ತಪ್ಪಿನ ವಿವರವಿದೆ. ಮೂವತ್ತೊಂದು ವರ್ಷಗಳಲ್ಲಿ ನಾನು ಬರೆದ ಅಷ್ಟೂ ಪುಟಗಳಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆಯೇ.

ಹುದ್ದೆ ಬಡ್ತಿಗಳ ಸಂಗತಿ ನನ್ನ ಸೇವಾ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆ ಹಾಳೆ ಹೇಗೆ ಬಂತು ಎಂಬುದನ್ನು ಮಾತ್ರ ಬರೆಯುತ್ತೇನೆ. ಇದಕ್ಕಾಗಿ ನನ್ನ ಹನ್ನೊಂದು ಕ್ಷೇತ್ರ ಪುಸ್ತಕಗಳನ್ನು, ಕಚೇರಿಯ ಹಾಜರಿ ಪುಸ್ತಕದ ಪ್ರತಿಯನ್ನು, ಪುಟಗಳ ನಡುವೆ ಉಳಿದಿದ್ದ ದೋಣಿ ಟಿಕೆಟುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ. ಎರಡು ದಾಖಲೆಗಳು ಒಪ್ಪದ ಕಡೆ ಅದನ್ನು ಹೇಳಿದ್ದೇನೆ. ಇಸವಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇದರಲ್ಲಿ ಬರುವ ಅಧಿಕಾರಿಯೊಬ್ಬರು ಇನ್ನೂ ಸೇವೆಯಲ್ಲಿದ್ದಾರೆ. ಮೊಬೈಲ್ ಫೋನು ಎಲ್ಲರ ಕೈಗೂ ಬಂದಿದ್ದ, ಆದರೆ ಸಮೀಕ್ಷೆಯ ನಮೂನೆಗಳು ಇನ್ನೂ ಕಾಗದದಲ್ಲೇ ಇದ್ದ ಕಾಲ ಎಂದರೆ ಸಾಕು.

ನಮ್ಮ ಸಂಶೋಧನಾ ಕೇಂದ್ರ ಹಂಪನಕಟ್ಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿತ್ತು. ಕಿಟಕಿ ತೆರೆದರೆ ಸಿಟಿ ಬಸ್ಸಿನ ಕಂಡಕ್ಟರುಗಳ ಕೂಗು, ಮುಚ್ಚಿದರೆ ಬೆವರು. ಕರಾವಳಿಯ ಕುಟುಂಬಗಳಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಮನೆಮನೆಗೆ ಹೋಗಿ ದಾಖಲಿಸುವುದು ನಮ್ಮ ಕಾಯಕ. ಗಣತಿದಾರರು ತುಂಬಿ ತಂದ ನಮೂನೆಗಳನ್ನು ನಾವು ಕಚೇರಿಯಲ್ಲಿ ಅಂಕಿಗಳಾಗಿ ಬದಲಾಯಿಸುತ್ತಿದ್ದೆವು. ಗಂಡು ಎಂದರೆ ಒಂದು, ಹೆಣ್ಣು ಎಂದರೆ ಎರಡು, ಪ್ರತಿ ಉದ್ಯೋಗಕ್ಕೂ ಒಂದು ಸಂಖ್ಯೆ. ಆಮೇಲೆ ಆ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬ ತಪಾಸಣೆ. ಆರು ವರ್ಷದ ಮಗುವಿನ ಮುಂದೆ ‘ವಿವಾಹಿತ’ ಎಂದಿದ್ದರೆ ಎಲ್ಲೋ ತಪ್ಪಾಗಿದೆ ಎಂದರ್ಥ. ಈ ತಪಾಸಣೆಗೆ ನಿಯಮಗಳ ಪಟ್ಟಿ ಬೇಕು. ನಮ್ಮ ಕೇಂದ್ರದಲ್ಲಿ ಅದನ್ನು ಬರೆದವಳು ನಾನು. ನನಗೆ ಆ ಕೆಲಸ ಸಿಕ್ಕಿದ್ದರ ಹಿಂದೆಯೂ ಒಂದು ಘಟನೆಯಿದೆ. ಅದನ್ನು ಮೊದಲು ಹೇಳಬೇಕು.

ಸಮೀಕ್ಷೆಯ ಪೂರ್ವಸಿದ್ಧತೆಗೆಂದು ನಾವು ಚಿತ್ರಗಳ ಕಾರ್ಡು ಮಾಡಿಸಿದ್ದೆವು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಕೆಲಸದ ಚಿತ್ರ. ಅದನ್ನು ತೋರಿಸಿ, ನಿಮ್ಮ ಮನೆಯಲ್ಲಿ ಈ ಕೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ ಎಂದು ಕೇಳುವುದು. ಚಿತ್ರ ಬರೆದವರು ಬೇರೆ ಊರಿನ ಕಲಾವಿದರು, ಒಳ್ಳೆಯ ಕೈ. ಅವುಗಳನ್ನು ಹಿಡಿದು ನಾನು ಬೆಂಗ್ರೆಗೆ ಹೋದೆ. ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ಪಟ್ಟಿಯ ಮೇಲಿರುವ ಊರು ಅದು. ಬಂದರಿನ ದಕ್ಕೆಯಿಂದ ದೋಣಿ ಹತ್ತಿ ಹೋಗಬೇಕು. ಅಲ್ಲಿ ದೋಣಿಯ ನೆರಳಿನಲ್ಲಿ ಕೂತು ಬಲೆ ಸರಿಮಾಡುತ್ತಿದ್ದ ಲೋಕಯಣ್ಣನಿಗೆ ಒಂದು ಕಾರ್ಡು ತೋರಿಸಿದೆ. ಲೋಕಯಣ್ಣ ಸ್ವಂತ ದೋಣಿಯಿದ್ದ ಮೀನುಗಾರ, ಆಗ ಅರುವತ್ತರ ಹತ್ತಿರದ ವಯಸ್ಸು. ಕಾರ್ಡನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

“ಇದು ಯಾರ ಮನೆಯ ಹೆಂಗಸು ಮೇಡಂ? ಬೆಂಗ್ರೆಯಲ್ಲಿ ನಾನು ಕಂಡದ್ದಿಲ್ಲ.”

“ಬಲೆ ಸರಿಮಾಡುವವರು ಲೋಕಯಣ್ಣ.”

“ಬಲೆ ಸರಿಮಾಡುವುದು ನಾನು. ನನಗೆ ಸೀರೆ ಉಡಿಸಿದ್ದು ಯಾರು ಮಾರಾಯ್ರೆ?”

ಸುತ್ತ ಕೂತಿದ್ದ ಗಂಡಸರೆಲ್ಲ ಸೂಜಿ ಕೆಳಗಿಟ್ಟು ನಕ್ಕರು. ಅವರಲ್ಲಿ ಒಬ್ಬ, “ಲೋಕಯಣ್ಣ, ಬಣ್ಣ ನಿಮಗೆ ಒಪ್ತದೆ” ಎಂದ.

ಕಲಾವಿದರಿಗೆ ನಾವು ಕಳುಹಿಸಿದ್ದ ಸೂಚನೆ ಇಷ್ಟೇ: ‘ಕೂತು, ಸೂಜಿ-ದಾರದಿಂದ ಬಲೆ ಸರಿಮಾಡುವ ವ್ಯಕ್ತಿ’. ಸೂಜಿ ಎಂದ ಕೂಡಲೇ ಅವರ ಮನಸ್ಸಿನಲ್ಲಿ ಒಬ್ಬ ಹೆಂಗಸು ಬಂದು ಕೂತಾಗಿತ್ತು. ಆಮೇಲೆ ಅವರು ಯೋಚಿಸಲಿಲ್ಲ ಎಂದಲ್ಲ, ಚೆನ್ನಾಗಿಯೇ ಯೋಚಿಸಿದರು: ಸೀರೆಗೆ ಯಾವ ಬಣ್ಣ, ಕುಪ್ಪಸಕ್ಕೆ ಎಷ್ಟು ತೋಳು, ಹಿನ್ನೆಲೆಯಲ್ಲಿ ಮಗು ಬೇಕೋ ಬೇಡವೋ. ಮನಸ್ಸಿನ ಚಿತ್ರ ಹೀಗೆ ಮುಂದಾಗಿ ಬರುತ್ತದೆ. ತರ್ಕ ಅದರ ಹಿಂದಿನಿಂದ ಬಂದು ಸಹಿ ಹಾಕುತ್ತದೆ. ನಮ್ಮ ತೀರ್ಮಾನವೆಂದು ನಾವು ಅಂದುಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಈ ಸಹಿಯೇ.

ಈ ಮಾತನ್ನು ನಾನು ಆ ತಿಂಗಳ ಸಭೆಯಲ್ಲಿ ಹೇಳಿದೆ. ಎಲ್ಲರೂ ಮೆಚ್ಚಿದರು. ಕಾರ್ಡುಗಳನ್ನು ಹೊಸದಾಗಿ ಬರೆಸಲಾಯಿತು. ತಪ್ಪು ಹಿಡಿಯುವುದರಲ್ಲಿ ನಾನು ಗಟ್ಟಿಗಿತ್ತಿ ಎಂಬ ಹೆಸರು ಬಂತು, ನಿರ್ದೇಶಕರು ತಪಾಸಣೆಯ ನಿಯಮಗಳನ್ನು ಬರೆಯುವ ಹೊಣೆಯನ್ನು ನನಗೇ ಕೊಟ್ಟರು. ಎರಡು ವಾರ ಕೂತು ಹನ್ನೆರಡು ನಿಯಮಗಳನ್ನು ಬರೆದೆ. ಬಲೆ ಸರಿಮಾಡುವವರು ಗಂಡಸರಾದರೆ ಅದನ್ನು ತಪ್ಪೆಂದು ತಿಳಿಯಬಾರದು ಎಂಬ ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಸೇರಿಸಿದೆ. ಕಂಪ್ಯೂಟರಿನಲ್ಲಿ ಟೈಪು ಮಾಡಿದವರು ಸದಾನಂದ. ಅಂಕಿ ತುಂಬಿಸುವ ವಿಭಾಗ ಎಂದರೆ ನಮ್ಮಲ್ಲಿ ಸದಾನಂದ ಒಬ್ಬರೇ.

ಏಳನೆಯ ನಿಯಮವನ್ನು ಅಕ್ಷರಶಃ ಇಲ್ಲಿ ಕೊಡುತ್ತೇನೆ: ‘ಉದ್ಯೋಗದ ಅಂಕಣದಲ್ಲಿ ಇಂಜಿನ್ ದುರಸ್ತಿ ಅಥವಾ ಯಂತ್ರಚಾಲನೆ ಎಂದಿದ್ದು, ಲಿಂಗದ ಅಂಕಣದಲ್ಲಿ ಹೆಣ್ಣು ಎಂದಿದ್ದರೆ, ಲಿಂಗದ ಅಂಕಣವನ್ನು ಬರಹದೋಷವೆಂದು ಪರಿಗಣಿಸಿ ತಿದ್ದತಕ್ಕದ್ದು.’

ಬರೆಯುವಾಗ ನನ್ನ ಕೈ ತಡೆಯಲಿಲ್ಲ. ಅಂದು ಸಂಜೆ ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಮನೆಗೆ ಹೋದದ್ದು ನೆನಪಿದೆ.

ನಫೀಸಾ ನಮ್ಮ ಕಚೇರಿಗೆ ಬಂದದ್ದು ಮರುವರ್ಷದ ಮಳೆಗಾಲ ಕಳೆದ ಮೇಲೆ. ನನ್ನ ಕ್ಷೇತ್ರ ಪುಸ್ತಕದಲ್ಲಿ ಮಂಗಳವಾರ ಎಂದಿದೆ. ಆದರೆ ಹಾಜರಿ ಪುಸ್ತಕದ ಪ್ರಕಾರ ಮಂಗಳವಾರ ನನಗೆ ರಜೆ. ಸಂದರ್ಶಕರ ಪುಸ್ತಕದಲ್ಲಿ ಆಕೆಯ ಸಹಿ ಬುಧವಾರದ್ದು. ಬುಧವಾರವೇ ಸರಿ. ಮೂವತ್ತೈದರ ಆಸುಪಾಸಿನ ಹೆಂಗಸು, ಬುರ್ಖಾ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಎರಡು ಮಹಡಿ ಹತ್ತಿ ಬಂದದ್ದಕ್ಕೆ ಸ್ವಲ್ಪ ಏದುಸಿರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನನ್ನನ್ನು ಗಂಡಸು ಮಾಡಿದ್ದು ಯಾರು ಮೇಡಂ?”

ಸದಾನಂದ ಕಂಪ್ಯೂಟರಿನಿಂದ ತಲೆಯೆತ್ತಿದರು.

“ಎಂತ ಹೇಳಿದ್ದು ನೀವು?” ಎಂದೆ ನಾನು.

“ನಿಮ್ಮ ಜನ ಬಂದಾಗ ನಾನೇ ಎದುರು ನಿಂತು ಹೇಳಿದ್ದೇನೆ. ನಫೀಸಾ, ಇಂಜಿನ್ ರಿಪೇರಿ. ಅವರು ಬರೆದುಕೊಂಡದ್ದೂ ಕಂಡಿದ್ದೇನೆ. ಈಗ ಪಟ್ಟಿಯಲ್ಲಿ ನನ್ನ ಬಾಪನ ಹೆಸರುಂಟು, ನನ್ನದಿಲ್ಲ.”

ಬಾಪ ಎಂದರೆ ಬ್ಯಾರಿ ಭಾಷೆಯಲ್ಲಿ ತಂದೆ. ವಿಷಯ ಹೀಗಿತ್ತು. ಬೆಂಗ್ರೆಯ ನದಿ ಬದಿಯಲ್ಲಿ ದೋಣಿ ಇಂಜಿನ್ನುಗಳ ದುರಸ್ತಿಗೆಂದು ಸರಕಾರದ ಒಂದು ಇಲಾಖೆ ಆರು ಷೆಡ್ಡುಗಳನ್ನು ಕಟ್ಟಿಸಿತ್ತು. ನಮ್ಮ ಸಮೀಕ್ಷೆಯಲ್ಲಿ ಇಂಜಿನ್ ದುರಸ್ತಿಯವರೆಂದು ದಾಖಲಾದವರಿಗೆ, ಸ್ವತಃ ಕೆಲಸ ಮಾಡುವವರಿಗೆ ಮಾತ್ರ ಅವು ಸಿಗುತ್ತಿದ್ದವು. ನಮ್ಮ ಅಂಕಿಗಳಲ್ಲಿ ಹೆಸರಿರಲಿಲ್ಲ, ಆ ಮನೆಯ ಮೆಕ್ಯಾನಿಕ್ ಗಂಡಸು ಎಂದಷ್ಟೇ ಇತ್ತು. ಮನೆಯಲ್ಲಿದ್ದ ಗಂಡಸು ಒಬ್ಬರೇ, ತಂದೆ ಹಸನಬ್ಬ. ಹಾಗಾಗಿ ವರದಿಯ ಬಿಡುಗಡೆಗೆ ಮೊದಲೇ ಅಂಕಿಗಳನ್ನು ತರಿಸಿಕೊಂಡಿದ್ದ ಇಲಾಖೆಯವರು ಪಟ್ಟಿ ಮಾಡುವಾಗ ಅವರ ಹೆಸರು ಬಂದು ಕೂತಿತು. ಇಲಾಖೆಯ ಅಧಿಕಾರಿ ಪರಿಶೀಲನೆಗೆ ಹೋದಾಗ ಹಸನಬ್ಬರ ಎರಡೂ ಕೈಗಳು ನಡುಗುತ್ತಿದ್ದವು. ಚಹದ ಲೋಟವನ್ನೂ ಮಗಳೇ ಹಿಡಿಯಬೇಕಾಗಿತ್ತು. ಅಧಿಕಾರಿ ‘ಅಶಕ್ತ’ ಎಂದು ಬರೆದು ಹೆಸರು ಹೊಡೆದುಹಾಕಿದರು.

“ನಾನು ಹೇಳಿದೆ, ಸರ್, ಕೆಲಸ ಮಾಡುವುದು ನಾನು ಅಂತ. ಅವರು ಪಟ್ಟಿ ತೋರಿಸಿದರು. ಸಮೀಕ್ಷೆ ಮಾಡಿದವರು ದೊಡ್ಡ ಜನ, ಅವರು ತಪ್ಪು ಬರೀತಾರಾ ಅಂದರು.”

“ಈಗ ಕೆಲಸ ಎಲ್ಲಿ ಮಾಡ್ತೀರಿ?”

“ಬಾಡಿಗೆ ಮನೆಯ ಅಂಗಳದಲ್ಲಿ. ಪೆಟ್ರೋಲ್ ವಾಸನೆ ಬರ್ತದೆ, ಇನ್ನು ಇಂಜಿನ್ ಇಳಿಸಬೇಡಿ ಅಂತ ಮನೆಯ ಮಾಲಕರು ಹೇಳಿಯಾಗಿದೆ. ಷೆಡ್ ಸಿಕ್ಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಬಿಡುವುದೇ. ಬರುವ ಮಂಗಳವಾರ ಅವರ ಮೀಟಿಂಗ್. ತಕರಾರು ಇದ್ದರೆ ಸೋಮವಾರ ಸಂಜೆಯೊಳಗೆ ಕೊಡಬೇಕಂತೆ.” ಆಮೇಲೆ ನನ್ನನ್ನು ನೇರವಾಗಿ ನೋಡಿದಳು. “ನೀವೂ ನಮ್ಮ ಮನೆಗೆ ಬಂದಿದ್ದೀರಿ ಮೇಡಂ. ಕಾರ್ಡು ಹಿಡ್ಕೊಂಡು. ಚಾ ಕುಡಿದಿದ್ದೀರಿ.”

ನನಗೆ ನೆನಪಿರಲಿಲ್ಲ.

ಸದಾನಂದ ಆಗಲೇ ಎದ್ದು ಬೆಂಗ್ರೆಯ ನಮೂನೆಗಳ ಕಟ್ಟು ಹುಡುಕುತ್ತಿದ್ದರು. ಹತ್ತು ನಿಮಿಷದಲ್ಲಿ ಹಾಳೆ ಸಿಕ್ಕಿತು. ಗಣತಿದಾರನ ನೀಲಿ ಅಕ್ಷರದಲ್ಲಿ ಸ್ಪಷ್ಟವಾಗಿತ್ತು: ನಫೀಸಾ, ಹೆಣ್ಣು, ಇಂಜಿನ್ ದುರಸ್ತಿ. ಅದರ ಪಕ್ಕದ ಅಂಕಿಯ ಪಟ್ಟಿಯಲ್ಲಿ ‘ಎರಡು’ ಎಂಬುದನ್ನು ಹೊಡೆದು ‘ಒಂದು’ ಎಂದು ಹಸಿರು ಶಾಯಿಯಲ್ಲಿ ತಿದ್ದಲಾಗಿತ್ತು. ಬದಿಯಲ್ಲಿ ಚಿಕ್ಕದಾಗಿ ‘ನಿ. ೭’.

“ಮೇಡಂ,” ಎಂದರು ಸದಾನಂದ ತಗ್ಗಿದ ದನಿಯಲ್ಲಿ, “ಹಸಿರು ಪೆನ್ನು ಈ ಆಫೀಸಿನಲ್ಲಿ ಒಬ್ಬರ ಹತ್ತಿರ ಮಾತ್ರ ಇರುವುದು.”

“ಗೊತ್ತುಂಟು ಸದಾನಂದ.”

“ಟೈಪ್ ಮಾಡಿದ್ದು ನಾನೇ ಅಲ್ಲವಾ. ನನ್ನ ಹೆಂಡತಿ ಮಿಕ್ಸಿ ಬಿಚ್ಚಿ ಸರಿಮಾಡ್ತಾಳೆ. ಅಕ್ಕಪಕ್ಕದವರದ್ದೂ ಮಾಡಿಕೊಡ್ತಾಳೆ. ಆ ಸಾಲು ಟೈಪ್ ಮಾಡುವಾಗ ಅವಳ ನೆನಪೇ ಬರಲಿಲ್ಲ ನೋಡಿ.”

ನಫೀಸಾಳಿಗೆ ನಾನು ಹೇಳಿದೆ: “ನಿಮ್ಮನ್ನು ಗಂಡಸು ಮಾಡಿದ್ದು ನಾನು. ಸೋಮವಾರದೊಳಗೆ ಸರಿಮಾಡ್ತೇನೆ.” ಹೇಳಿದ ಮೇಲೆ ಅದು ನನ್ನ ಕೈಯಲ್ಲಿ ಇದೆಯೋ ಇಲ್ಲವೋ ಎಂದು ಯೋಚನೆಯಾಯಿತು. ಆಕೆ ಚೀಲ ಎತ್ತಿಕೊಂಡು, “ದೋಣಿಗೆ ಹೊತ್ತಾಯ್ತು” ಎಂದು ಇಳಿದು ಹೋದಳು.

ಅಂದು ಮಧ್ಯಾಹ್ನ ನಾಲ್ಕನೆಯ ಕ್ಷೇತ್ರ ಪುಸ್ತಕವನ್ನು ತೆಗೆದೆ. ಕಾರ್ಡು ಹಿಡಿದು ಬೆಂಗ್ರೆಗೆ ಹೋದ ದಿನದ ಪುಟ. ನನ್ನದೇ ಅಕ್ಷರ: ‘ಹಸನಬ್ಬರ ಮನೆ. ಅಂಗಳದಲ್ಲಿ ಬಿಚ್ಚಿಟ್ಟ ಇಂಜಿನ್, ತಂದೆ ಮೆಕ್ಯಾನಿಕ್. ಕಿಟಕಿಯ ಮೇಲೆ ಉಗುರುಬಣ್ಣದ ಐದು ಬಾಟಲಿ. ಅಳಿಯ ಗಲ್ಫಿನಲ್ಲಿ, ಮಗಳಿಗೆ ಅಲಂಕಾರದ ಆಸಕ್ತಿ. ಮಗಳ ಕೈಗೆ ಮಸಿ, ಅಡುಗೆಮನೆಯಿಂದ ಎದ್ದು ಬಂದು ಚಹ ಕೊಟ್ಟಳು.’

ಬರೆದದ್ದನ್ನು ಎಷ್ಟು ಸಲ ಓದಿದೆನೋ. ನೋಡಿದ್ದೆಲ್ಲ ನಿಜ. ಇಂಜಿನ್ ಇತ್ತು, ಬಾಟಲಿಗಳಿದ್ದವು, ಕೈಯಲ್ಲಿ ಮಸಿ ಇತ್ತು. ಅಲ್ಪವಿರಾಮದ ಆಚೆ ನಾನು ಬರೆದದ್ದು ಮಾತ್ರ ನೋಡಿದ್ದಲ್ಲ. ಬಿಚ್ಚಿದ ಇಂಜಿನ್ನಿಗೆ ಮೂರು ಮಾರು ದೂರದಲ್ಲಿ ಮಸಿ ಹಿಡಿದ ಕೈಯೊಂದು ನನಗೆ ಲೋಟ ಕೊಟ್ಟಿತ್ತು. ಆ ಮನೆಯಲ್ಲಿ ಗ್ಯಾಸಿನ ಒಲೆಯಿತ್ತು ಎಂದೂ ಅದೇ ಪುಟದ ಕೊನೆಗೆ ಬರೆದಿದ್ದೆ. ಗ್ಯಾಸಿನ ಒಲೆಯಿಂದ ಕೈಗೆ ಅಷ್ಟು ಮಸಿ ಎಲ್ಲಿಂದ ಬರಬೇಕು?

ವಿಷಯ ತಿಳಿಸಿದ್ದೆ, ಸಂಜೆ ನಿರ್ದೇಶಕರು ತಮ್ಮ ಕೋಣೆಗೆ ಕರೆಸಿದರು. ಒಳ್ಳೆಯ ಮನುಷ್ಯರು, ಅವಸರ ಇಲ್ಲದವರು. ವರದಿಯ ಮುದ್ರಿತ ಪ್ರತಿಗಳು ಆಗಲೇ ಬಂದು ಅವರ ಕೋಣೆಯ ಮೂಲೆಯಲ್ಲಿ ಪೇರಿಸಿದ್ದವು. ಮುಂದಿನ ವಾರದ ಕೊನೆಗೆ ಬಿಡುಗಡೆ.

“ಆ ಮನೆಗೆ ಸಂಬಂಧಪಟ್ಟಂತೆ ಇಲಾಖೆಗೆ ಒಂದು ಪತ್ರ ಬರೆಯಿರಿ,” ಎಂದರು. “ವರದಿಯನ್ನು ಯಾಕೆ ಮುಟ್ಟುವುದು?”

“ಪತ್ರದಲ್ಲಿ ಒಂದು, ವರದಿಯಲ್ಲಿ ಇನ್ನೊಂದು ಇದ್ದರೆ ಅವರು ಯಾವುದನ್ನು ನಂಬಬೇಕು ಸರ್?”

“ಒಂದು ತಪ್ಪು ಒಪ್ಪಿಕೊಂಡರೆ ಉಳಿದ ಅಂಕಿಗಳ ಮೇಲೂ ಸಂಶಯ ಬರ್ತದೆ.”

“ಬರಬೇಕು ಸರ್. ನನಗೆ ಬಂದಾಗಿದೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿ, ಗಣತಿದಾರ ಬರೆದದ್ದೇ ತಪ್ಪಾಗಿರಬಹುದು. ನೀವು ತಿದ್ದಿದ್ದೇ ಸರಿ ಇರಬಹುದು. ನಾನು ಈಗಷ್ಟೇ ಆ ಅಧಿಕಾರಿಗೆ ಫೋನು ಮಾಡಿದೆ. ಅವರು ಬೆಂಗ್ರೆಯಲ್ಲಿ ಮೂರು ಜನ ದೋಣಿಯವರನ್ನು ಕೇಳಿದ್ದಾರೆ. ಮೂವರೂ ರಿಪೇರಿ ಮಾಡುವುದು ಹಸನಬ್ಬ ಎಂದೇ ಹೇಳಿದ್ದಾರೆ. ಇದಕ್ಕೆ ಎಂತ ಹೇಳ್ತೀರಿ?”

ಅವರ ಪ್ರಶ್ನೆ ನ್ಯಾಯವಾದದ್ದು. ಒಂದು ಊಹೆಯನ್ನು ಕಿತ್ತು ಅದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಸಂಶೋಧನೆಯಲ್ಲ. “ಸೋಮವಾರದೊಳಗೆ ಆಧಾರ ತರ್ತೇನೆ,” ಎಂದೆ.

ಗುರುವಾರ ಬೆಳಿಗ್ಗೆ ಬೆಂಗ್ರೆಗೆ ಹೋದೆ. ದೋಣಿ ಟಿಕೆಟು ಪುಟದಲ್ಲೇ ಇದೆ. ಲೋಕಯಣ್ಣ ಅದೇ ಜಾಗದಲ್ಲಿ ಬಲೆ ಹಿಡಿದು ಕೂತಿದ್ದರು.

“ನಿಮ್ಮ ಇಂಜಿನ್ ಕೆಟ್ಟರೆ ಯಾರು ಸರಿಮಾಡುವುದು ಲೋಕಯಣ್ಣ?”

“ಹಸನಾಕ. ಬೇರೆ ಯಾರು? ಅವರ ಕೈಗುಣ ಬೇರೆಯವರಿಗೆ ಇಲ್ಲ.”

ಹಸನಬ್ಬರನ್ನು ಊರಿನ ಹಿಂದೂ ಮುಸ್ಲಿಮರೆಲ್ಲ ಕರೆಯುತ್ತಿದ್ದದ್ದು ಹಸನಾಕ ಎಂದೇ. ಇನ್ನಿಬ್ಬರನ್ನು ಕೇಳಿದೆ. ಅದೇ ಉತ್ತರ. ಸುಳ್ಳು ಹೇಳುವ ಜನ ಅಲ್ಲ ಅವರು. ಒಂದು ಕ್ಷಣ, ನಿರ್ದೇಶಕರು ಹೇಳಿದ್ದೇ ಸರಿಯೇನೋ ಅನ್ನಿಸಿತು. ಆಗ ನನ್ನ ಕ್ಷೇತ್ರ ಪುಸ್ತಕದ ಆ ಅಲ್ಪವಿರಾಮಗಳು ನೆನಪಾದವು. ನಾನು ಕೇಳುತ್ತಿದ್ದದ್ದು ಅಲ್ಪವಿರಾಮದ ಆಚೆಗಿನದನ್ನು. ಈಚೆಗಿನದನ್ನು ಕೇಳಬೇಕಾಗಿತ್ತು.

“ಲೋಕಯಣ್ಣ, ಕೊನೆಯ ಸಲ ಇಂಜಿನ್ ಕೊಟ್ಟಾಗ ನೀವು ಅಲ್ಲೇ ಇದ್ದಿರಾ?”

“ಇದ್ದೆ. ಹೊತ್ತುಕೊಂಡು ಹೋದದ್ದೇ ನಾನು.”

“ಹಸನಾಕ ಎಲ್ಲಿದ್ದರು?”

“ಜಗಲಿಯಲ್ಲಿ. ಅವರ ಕುರ್ಚಿಯಲ್ಲಿ.”

“ಇಂಜಿನ್ ಎಲ್ಲಿತ್ತು?”

“ಅಂಗಳದಲ್ಲಿ.”

“ಸ್ಪ್ಯಾನರ್ ಯಾರ ಕೈಯಲ್ಲಿತ್ತು?”

ಲೋಕಯಣ್ಣನ ಸೂಜಿ ನಿಂತಿತು.

“ನಫೀಸಾಳ ಕೈಯಲ್ಲಿ,” ಎಂದರು. ಆಮೇಲೆ, “ಅದರ ಹಿಂದಿನ ಸಲವೂ ಅವಳ ಕೈಯಲ್ಲೇ ಇದ್ದದ್ದು. ಹೌದಲ್ಲ ಮಾರಾಯ್ರೆ. ಹಸನಾಕ ಇಂಜಿನ್ ಮುಟ್ಟಿದ್ದು ನಾನು ಕಾಣದೆ ಎಷ್ಟೋ ವರ್ಷ ಆಯ್ತು.”

“ಮತ್ತೆ ಯಾಕೆ ಹಸನಾಕ ಅಂದಿರಿ?”

“ನನಗೆ ಹಾಗೇ ಕಾಣ್ತಿತ್ತಲ್ಲ.”

ಬಲೆಯ ಸೂಜಿ ಹಿಡಿದ ತನಗೆ ಸೀರೆ ಉಡಿಸಿದ್ದನ್ನು ಎರಡು ಕ್ಷಣದಲ್ಲಿ ಕಂಡುಹಿಡಿದ ಮನುಷ್ಯ ಇವರು. ಪ್ರತಿ ವರ್ಷ ಎರಡು ಸಲ ಕಣ್ಣೆದುರು ಕಂಡದ್ದನ್ನು ಕಂಡಿರಲಿಲ್ಲ. ಅವರನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. ನನ್ನ ಹತ್ತಿರ ಹಸಿರು ಪೆನ್ನಿತ್ತು.

ಅಲ್ಲಿಂದ ಹಸನಬ್ಬರ ಮನೆಗೆ ಹೋದೆ. ನಫೀಸಾ ಅಂಗಳದಲ್ಲಿ ಗೋಣಿ ಹಾಸಿ ಕೂತು ಒಂದು ಇಂಜಿನ್ನಿನ ಕಾರ್ಬುರೇಟರ್ ಜೋಡಿಸುತ್ತಿದ್ದಳು. ಕೊನೆಯ ಸ್ಕ್ರೂ ತಿರುಗಿಸಿ, ಹಗ್ಗ ಎಳೆದು, ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಸ್ಕ್ರೂವನ್ನು ಕೂದಲೆಳೆಯಷ್ಟು ಹಿಂದೆ ತಿರುಗಿಸಿದಳು. ಆಮೇಲೆ ಕಿಟಕಿಯಿಂದ ಉಗುರುಬಣ್ಣದ ಬಾಟಲಿ ತೆಗೆದು, ಸ್ಕ್ರೂವಿನ ತಲೆಗೂ ಪಕ್ಕದ ಲೋಹಕ್ಕೂ ಸೇರುವಂತೆ ಒಂದು ಕೆಂಪು ಚುಕ್ಕೆ ಇಟ್ಟಳು.

“ಅದು ಎಂತಕ್ಕೆ?”

“ಸ್ಕ್ರೂ ಅಲ್ಲಾಡಿದರೆ ಚುಕ್ಕೆ ಒಡೀತದೆ. ಯಾರಾದರೂ ಮುಟ್ಟಿದರೆ ನನಗೆ ಗೊತ್ತಾಗ್ತದೆ.”

“ನಾನು ಆ ಬಾಟಲಿಗಳು ನಿಮ್ಮ ಉಗುರಿಗೆ ಅಂದುಕೊಂಡಿದ್ದೆ.”

ನಫೀಸಾ ನಕ್ಕಳು. “ಉಗುರಿಗೆ ಹಚ್ಚಿದರೆ ನಮಾಜಿಗೆ ಕೈ ತೊಳೆಯುವಾಗ ನೀರು ತಾಗುವುದಿಲ್ಲ ಮೇಡಂ. ನಮ್ಮವರು ಪ್ರತಿ ಸಲ ದುಬೈಯಿಂದ ಬರುವಾಗ ತರ್ತಾರೆ. ಬೇಡ ಅಂದರೆ ಬೇಸರ. ಹಾಗೆ ಸ್ಕ್ರೂವಿಗೆ ಹಚ್ಚುವುದು. ಒಳ್ಳೆ ಮಾಲು, ಉಪ್ಪುನೀರಿಗೂ ಹೋಗುವುದಿಲ್ಲ.”

“ಊರಿನ ಇಂಜಿನ್ನುಗಳಿಗೆಲ್ಲ ಹೀಗೆ ಇಟ್ಟಿದ್ದೀರಾ?”

“ನಾನು ಮಾಡಿದ್ದಕ್ಕೆಲ್ಲ.”

ಜಗಲಿಯ ಕುರ್ಚಿಯಲ್ಲಿದ್ದ ಹಸನಬ್ಬರು ಇದನ್ನೆಲ್ಲ ಕೇಳುತ್ತಿದ್ದರು. ಕೈಗಳನ್ನು ಮಡಿಲಿನಲ್ಲಿ ಒಂದರ ಮೇಲೊಂದು ಒತ್ತಿ ಹಿಡಿದಿದ್ದರು. ಅವರ ಎದುರಿಗೆ ಕೇಳಲು ನನಗೆ ಸಂಕೋಚವಿತ್ತು, ಅವರೇ ಮಾತೆತ್ತಿದರು.

“ನನ್ನ ಕೈ ನಿಂತು ಒಂಬತ್ತು ವರ್ಷ ಆಯ್ತು ಮೇಡಂ. ಹೆಸರು ನಿಲ್ಲಲಿಲ್ಲ. ಜನ ಹಸನಾಕ ಮಾಡಿದ್ದು ಅಂತ ಹೇಳುವಾಗ ನಾನು ಸುಮ್ಮನೆ ಕೂತೆ. ಕೇಳಲಿಕ್ಕೆ ಒಳ್ಳೆಯದಾಗ್ತಿತ್ತು. ಅದು ನನ್ನ ತಪ್ಪು. ಎಲ್ಲಿ ಬೇಕಾದರೂ ಬಂದು ಹೇಳ್ತೇನೆ.”

“ಬಾಪ, ಈಗ ಅದೆಲ್ಲ ಎಂತಕ್ಕೆ,” ಎಂದಳು ನಫೀಸಾ, ತಲೆಯೆತ್ತದೆ.

ಅಧಿಕಾರಿಯನ್ನು ಬೆಂಗ್ರೆಗೆ ಕರೆತರುವುದು ಸುಲಭವಾಗಲಿಲ್ಲ. ಶುಕ್ರವಾರ ಎರಡು ಸಲ, ಶನಿವಾರ ಒಂದು ಸಲ ಅವರ ಕಚೇರಿಗೆ ಹೋದೆ. ಅವರು ಕಿರಿಯ ವಯಸ್ಸಿನವರು, ಸಭ್ಯರು. “ಮೇಡಂ, ನಿಮ್ಮದೇ ವರದಿಯನ್ನು ನಂಬಬೇಡಿ ಅಂತ ನೀವೇ ಹೇಳ್ತಿದ್ದೀರಿ,” ಎಂದರು. “ಹೌದು,” ಎಂದೆ. “ಕಾಗದ ನೋಡಬೇಡಿ. ಇಂಜಿನ್ ನೋಡಲಿಕ್ಕೆ ಬನ್ನಿ.” ಕೊನೆಗೆ ಸೋಮವಾರ ಬೆಳಿಗ್ಗೆ ಬರಲು ಒಪ್ಪಿದರು.

ಸೋಮವಾರ ಬೆಂಗ್ರೆಯ ಬದಿಯಲ್ಲಿ ಕಟ್ಟಿದ್ದ ದೋಣಿಗಳು ಹನ್ನೊಂದು. ಅಧಿಕಾರಿ ಪ್ಯಾಂಟು ಮಡಚಿ ಒಂದೊಂದನ್ನೇ ಹತ್ತಿ, ಮುಚ್ಚಳ ತೆಗೆಸಿ ನೋಡಿದರು. ಒಂಬತ್ತರಲ್ಲಿ ಕೆಂಪು ಚುಕ್ಕೆ ಇತ್ತು. ಇಷ್ಟು ವರ್ಷ ದೋಣಿಯವರು ಅದನ್ನು ಕಂಪನಿಯವರು ಹಚ್ಚಿದ ಬಣ್ಣ ಅಂದುಕೊಂಡಿದ್ದರು. ಚುಕ್ಕೆಯಿಲ್ಲದ ಒಂದು ಹೊಸ ಇಂಜಿನ್. ಹನ್ನೊಂದನೆಯದು ಲೋಕಯಣ್ಣನದ್ದು.

ನಫೀಸಾ ದೋಣಿಗೆ ಕಾಲಿಟ್ಟು ಬಗ್ಗಿ ನೋಡಿದಳು.

“ಲೋಕಯಣ್ಣ, ಸ್ಕ್ರೂ ಮುಟ್ಟಿದ್ದು ಯಾರು?”

“ಯಾರೂ ಮುಟ್ಟಲಿಲ್ಲ.”

“ಚುಕ್ಕೆ ಒಡೆದು ಅರ್ಧ ಹೋಗಿದೆ.”

“ಗಾಳಿಗೆ ಹೋಗಿರಬೇಕು.”

“ಗಾಳಿ ಸ್ಕ್ರೂ ಡ್ರೈವರ್ ತಂದಿತ್ತಾ?”

ಲೋಕಯಣ್ಣ ಅಧಿಕಾರಿಯ ಕಡೆ, ಆಮೇಲೆ ನನ್ನ ಕಡೆ ನೋಡಿದರು. “ಒಂದು ಸುತ್ತು. ಒಂದೇ ಒಂದು ಸುತ್ತು ಮಾರಾಯ್ರೆ. ಪೆಟ್ರೋಲ್ ಉಳೀತದೋ ಅಂತ ನೋಡಿದ್ದು.”

ದಡದಲ್ಲಿ ನಿಂತಿದ್ದವರು ನಗುವಷ್ಟರಲ್ಲಿ ನಫೀಸಾ ಹಗ್ಗ ಎಳೆದಾಗಿತ್ತು. ಇಂಜಿನ್ ಕೆಮ್ಮಿತು. ಕಣ್ಣು ಮುಚ್ಚಿ ಕೇಳಿದಳು, ಸ್ಕ್ರೂ ತಿರುಗಿಸಿದಳು, ಮತ್ತೆ ಎಳೆದಳು. ಎರಡನೆಯ ಎಳೆತಕ್ಕೆ ಇಂಜಿನ್ ಹಿಡಿಯಿತು, ಒಂದೇ ಸಮನೆ ಓಡಿತು. ಅಧಿಕಾರಿ, “ಸಾಕು,” ಎಂದರು. ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು, ಪಟ್ಟಿಯ ಅಂಚಿನಲ್ಲಿ ನಫೀಸಾ ಎಂದು ಬರೆದು, ಪಕ್ಕದಲ್ಲಿ ‘ಸ್ವತಃ ಕಂಡಿದ್ದೇನೆ’ ಎಂದು ಸೇರಿಸಿ ಸಹಿ ಹಾಕಿದರು. ನನ್ನ ವೃತ್ತಿಜೀವನದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯವನ್ನು ಯಾವ ವರದಿಯಲ್ಲೂ ಓದಿಲ್ಲ. ಮಂಗಳವಾರದ ಸಭೆಯಲ್ಲಿ ನಾಲ್ಕನೆಯ ಷೆಡ್ಡು ನಫೀಸಾಳ ಹೆಸರಿಗಾಯಿತು.

ಇನ್ನು ಹಾಳೆಯ ವಿಷಯ. ನಾನೂ ಸದಾನಂದರೂ ಆ ವಾರ ಏಳನೆಯ ನಿಯಮದ ಹಸಿರು ಗುರುತಿದ್ದ ನಮೂನೆಗಳನ್ನೆಲ್ಲ ಹೊರತೆಗೆದೆವು. ಹೆಚ್ಚೇನೂ ಇರಲಿಲ್ಲ. ಆ ಮನೆಗಳಿಗೆ ಮತ್ತೆ ಹೋದೆವು. ಕೆಲವು ನಿಜವಾಗಿಯೂ ಗಣತಿದಾರರ ಬರಹದೋಷ. ಕೆಲವು ಅಲ್ಲ. ಬಜಪೆಯ ಕಡೆ ಅಕ್ಕಿ ಗಿರಣಿ ನಡೆಸುತ್ತಿದ್ದ ಒಬ್ಬ ಹೆಂಗಸು, ನಾನು ಆಕೆಯನ್ನು ಗಂಡು ಎಂದು ಬರೆದಿದ್ದೆ ಎಂದು ಹೇಳಿದಾಗ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನೀವು ಕೂಡ ಹೆಂಗಸೇ ಅಲ್ಲವಾ?” ಎಂದು ಕೇಳಿದರು. ಹೆಂಗಸಾಗಿರುವುದು ಇಂಥ ಚಿತ್ರಗಳಿಂದ ರಕ್ಷಣೆ ಕೊಡುವುದಿಲ್ಲ. ಓದಿರುವುದೂ ಕೊಡುವುದಿಲ್ಲ. ಬೇರೆಯವರ ಚಿತ್ರವನ್ನು ಹಿಡಿದುಕೊಟ್ಟು ಚಪ್ಪಾಳೆ ಪಡೆದಿರುವುದಂತೂ ಸ್ವಲ್ಪವೂ ಕೊಡುವುದಿಲ್ಲ.

ತಿದ್ದುಪಡಿಯ ಹಾಳೆಯನ್ನು ನಾನೇ ಬರೆದೆ: ಯಾವ ನಿಯಮ, ಯಾವ ಅಂಕಿಗಳು, ತಪ್ಪು ಯಾರದು. ನಿರ್ದೇಶಕರು ಒಂದು ದಿನ ಇಟ್ಟುಕೊಂಡು ಮರಳಿಸಿದರು. ಒಂದಕ್ಷರವನ್ನೂ ಬದಲಾಯಿಸಿರಲಿಲ್ಲ. ನನ್ನ ಹೆಸರಿನ ಕೆಳಗೆ ತಮ್ಮ ಹೆಸರು ಬರೆದು, ‘ಈ ನಿಯಮಗಳನ್ನು ಓದಿ ಅನುಮೋದಿಸಿದವರು’ ಎಂದು ಸೇರಿಸಿದ್ದರು. ನಾವು ಮೂವರೂ ಕೂತು ಪ್ರತಿಗಳಿಗೆಲ್ಲ ಹಾಳೆ ಅಂಟಿಸಿದೆವು. ಗೋಂದು ತಂದವರು ನಿರ್ದೇಶಕರು. ಬಿಡುಗಡೆಯ ದಿನ ಒಬ್ಬರು ಎದ್ದುನಿಂತು, ಇಷ್ಟು ಒಪ್ಪಿಕೊಂಡ ವರದಿಯನ್ನು ಹೇಗೆ ನಂಬುವುದು ಎಂದು ಕೇಳಿದರು. “ಒಪ್ಪಿಕೊಂಡದ್ದನ್ನು ನೋಡಿ ನಂಬಿ,” ಎಂದು ನಿರ್ದೇಶಕರು ಹೇಳಿ ಕೂತರು.

ಅಂದಿನಿಂದ ನಮ್ಮ ಕೇಂದ್ರದ ಪದ್ಧತಿ ಬದಲಾಯಿತು. ನಮೂನೆಯ ಅಂಕಿಯನ್ನು ಯಾರೂ ಕಚೇರಿಯಲ್ಲಿ ಕೂತು ಅಳಿಸುವಂತಿಲ್ಲ. ಸಂಶಯ ಬಂದರೆ ಚೀಟಿ ಬರೆದು ಆ ಮನೆಗೇ ಮರಳಿ ಹೋಗಬೇಕು. ಈ ಕೆಲಸ ಯಾರು ಮಾಡುತ್ತಾರೆ ಎಂದು ಕೇಳುವುದರ ಜೊತೆಗೆ, ಕೊನೆಯ ಸಲ ಮಾಡುವಾಗ ಉಪಕರಣ ಯಾರ ಕೈಯಲ್ಲಿತ್ತು ಎಂದೂ ಕೇಳಬೇಕು. ಕ್ಷೇತ್ರ ಪುಸ್ತಕದಲ್ಲಿ ನೋಡಿದ್ದನ್ನು ಎಡಪುಟದಲ್ಲಿ, ಅಂದುಕೊಂಡದ್ದನ್ನು ಬಲಪುಟದಲ್ಲಿ ಬರೆಯಬೇಕು. ಹೊಸದಾಗಿ ಸೇರಿದ ನಿಮಗೆ ಈಗ ಈ ತಪಾಸಣೆಯನ್ನು ಕಂಪ್ಯೂಟರೇ ಮಾಡಿಕೊಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ. ಅದಕ್ಕೂ ಯಾರೋ ಒಬ್ಬರು ನಿಯಮ ಬರೆದುಕೊಟ್ಟಿರುತ್ತಾರೆ. ಆ ಪಟ್ಟಿಯನ್ನು ಕೇಳಿ ತರಿಸಿಕೊಂಡು ಓದಿ. ಕೇಳಿದ್ದಕ್ಕೆ ಯಾರಾದರೂ ನಕ್ಕರೆ ನಗಲಿ.

ನಿವೃತ್ತಿಯಾದ ಮರುವಾರ ಬೆಂಗ್ರೆಗೆ ಹೋದೆ. ಹಸನಬ್ಬರು ತೀರಿಕೊಂಡು ಆಗ ಕೆಲವು ವರ್ಷಗಳಾಗಿದ್ದವು. ನಾಲ್ಕನೆಯ ಷೆಡ್ಡಿಗೆ ಹೊಸ ಬೋರ್ಡು ಬಂದಿತ್ತು. ದೊಡ್ಡ ಅಕ್ಷರಗಳಲ್ಲಿ ‘ಹಸನಬ್ಬ ಇಂಜಿನ್ ವರ್ಕ್ಸ್’. ನಾನು ಬೋರ್ಡಿನ ಕೆಳಗೆ ನಿಂತುಬಿಟ್ಟೆ.

“ಎಂತ ಮೇಡಂ, ತಪ್ಪುಂಟಾ?” ಎಂದಳು ನಫೀಸಾ ಒಳಗಿನಿಂದ.

“ನಿಮ್ಮ ಹೆಸರು ಯಾಕೆ ಹಾಕಲಿಲ್ಲ?”

“ಬಾಪ ಕಲಿಸಿದ ಕೆಲಸ. ಅವರ ಹೆಸರು ಇರಲಿ ಅಂತ ನಾನೇ ಹಾಕಿದ್ದು.” ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಬೋರ್ಡಿನ ಕಡೆ ನೋಡಿದಳು. “ಆವತ್ತು ಪಟ್ಟಿಯಲ್ಲಿ ಹಾಕಿದ್ದು ನೀವು.”

ಚೀಲದಿಂದ ಹಸಿರು ಪೆನ್ನನ್ನು ತೆಗೆದು ಆಕೆಗೆ ತೋರಿಸಿದೆ. ಕಚೇರಿಯ ಮೇಜು ಖಾಲಿ ಮಾಡುವಾಗ ಸಿಕ್ಕಿತ್ತು. ಆ ಬುಧವಾರದ ನಂತರ ನಾನು ಅದನ್ನು ಬಳಸಿರಲಿಲ್ಲ. ನಫೀಸಾ ಅದನ್ನು ತಿರುಗಿಸಿ ನೋಡಿದಳು, ಮುಚ್ಚಳವನ್ನು ಬಿಗಿಯಾಗಿ ಒತ್ತಿದಳು, ಕಿಟಕಿಯಿಂದ ಬಾಟಲಿ ತಂದಳು. ಮುಚ್ಚಳಕ್ಕೂ ಪೆನ್ನಿಗೂ ಸೇರುವಂತೆ ಒಂದು ಚುಕ್ಕೆ ಇಟ್ಟು, ಊದಿ ಒಣಗಿಸಿ ಮರಳಿ ಕೊಟ್ಟಳು.

ಆ ಪೆನ್ನು ಈಗ ನನ್ನ ಮೇಜಿನ ಮೇಲಿದೆ. ಈ ಲೇಖನವನ್ನು ನೀಲಿ ಶಾಯಿಯಲ್ಲಿ ಬರೆದಿದ್ದೇನೆ. ಮುಗಿಸುವ ಮುನ್ನ ಒಮ್ಮೆ ಕನ್ನಡಕ ಹಾಕಿಕೊಂಡು ಪರಿಶೀಲಿಸಿದೆ. ಚುಕ್ಕೆ ಒಡೆದಿಲ್ಲ.